ಪಿಂಕಿ ಎಂಬ ಹುಂಜ: ಕಾಲಿಗೆ ಹಾರುವ ಕೋಳಿಯನ್ನು ಮನೆಯಲ್ಲಿ ಸಾಕಿದ ನನ್ನ ಅನುಭವ

ಸಂತೆಯಲ್ಲಿ, ಶಾಲೆ ಗೇಟಿನ ಹತ್ತಿರ ಬುಟ್ಟಿ ತುಂಬ ಗುಲಾಬಿ, ಹಸಿರು, ನೀಲಿ ಬಣ್ಣದ ಕೋಳಿಮರಿ ಮಾರುವುದನ್ನು ನೀವೂ ನೋಡಿರುತ್ತೀರಿ. ಅವು ಹೆಚ್ಚಾಗಿ ಗಂಡು ಮರಿಗಳೇ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಮರಿ ಹೊರಬಂದ ದಿನವೇ ಹೆಣ್ಣು ಗಂಡು ಬೇರೆ ಮಾಡುತ್ತಾರೆ. ಹೆಣ್ಣು ಫಾರಂಗೆ ಹೋಗುತ್ತದೆ. ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ಹಾಗೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಅದಕ್ಕೇ ಬಣ್ಣ ಹಾಕಿ ಚಿಲ್ಲರೆ ಕಾಸಿಗೆ ಮಕ್ಕಳ ಕೈಗೆ ಕೊಡುವುದು. ಎಷ್ಟೋ ಮರಿಗಳು ಕೆಲವೇ ದಿನಕ್ಕೆ ಸಾಯುತ್ತವೆ. ಬದುಕಿ ಉಳಿದದ್ದು ನಾಲ್ಕೈದು ತಿಂಗಳಿಗೆ ಬಿಳಿ ಲೆಗ್‌ಹಾರ್ನ್ ಹುಂಜವಾಗಿ ನಿಮ್ಮ ಮೊಣಕಾಲಿಗೆ ಹಾರುತ್ತದೆ.

ನಮ್ಮದೂ ಹಾಗೇ ಬಂದದ್ದು. ಮಗಳು ತಂದಾಗ ಗುಲಾಬಿ ಬಣ್ಣ, ಅದಕ್ಕೆ ಪಿಂಕಿ ಅಂತ ಹೆಸರಿಟ್ಟಳು. ಗರಿ ಬಲಿತ ಮೇಲೆ ಬಣ್ಣ ಹೋಯಿತು, ಹೆಸರು ಉಳಿಯಿತು. ಈಗ ಕೊರಿಯರ್ ಹುಡುಗನನ್ನು ಗೇಟಿನಾಚೆ ಓಡಿಸುವ ಹುಂಜವನ್ನು "ಪಿಂಕಿ, ಬಾರಮ್ಮ" ಎಂದು ಕರೆಯುತ್ತೇವೆ. ತುಮಕೂರಿನ ಹೊರವಲಯದಲ್ಲಿ ಮನೆ, ಹಿಂದೆ ಒಂದಿಷ್ಟು ಹಿತ್ತಲು. ಇಷ್ಟು ಜಾಗ ಇಲ್ಲದೆ ಹುಂಜ ಸಾಕುವ ಯೋಚನೆಯೇ ಬೇಡ ಅನ್ನುವುದು ನನ್ನ ಮಾತು.

ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋದರೆ ಸಾಕು. ರಟ್ಟಿನ ಡಬ್ಬದ ಮೇಲೆ ಹಳೇ ಕಾಲದ 60 ವ್ಯಾಟಿನ ಬಲ್ಬು ಇಳಿಬಿಟ್ಟೆ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಕಾವು ಬರಲ್ಲ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಯೇ ಹೇಳುತ್ತದೆ. ಬಲ್ಬಿನ ಅಡಿಯಲ್ಲೇ ಮುದುರಿ ಚೀಂಗುಟ್ಟಿದರೆ ಚಳಿ. ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ.

ಲಸಿಕೆ ವಿಷಯಕ್ಕೆ ಸ್ವಲ್ಪ ಓಡಾಡಬೇಕಾಯಿತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ಅಂಟುರೋಗ ಬಂದರೆ ಕೇರಿಯ ಕೋಳಿಗಳೆಲ್ಲ ಸಾಲಾಗಿ ಹೋಗುತ್ತವೆ, ಔಷಧಿ ಇಲ್ಲ, ತಡೆಯುವುದೊಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಸುಮಾರಿಗೆ ರೆಕ್ಕೆ ಕೆಳಗೆ ಸೂಜಿ. ಆದರೆ ಲಸಿಕೆಯ ಒಂದು ಸೀಸೆ ಕೋಳಿಗಳ ಹಿಂಡಿಗೆ ಅಂತಲೇ ಬರುವುದು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಒಂದು ಪಿಳ್ಳೆಗೋಸ್ಕರ ಯಾರು ಒಡೆಯುತ್ತಾರೆ? ದನದ ಆಸ್ಪತ್ರೆಯಲ್ಲಿ ವಿಚಾರಿಸಿ, ಬೇರೆಯವರು ಹಿಂಡು ಕೋಳಿಗೆ ಹಾಕಿಸುವ ದಿನ ನಾನೂ ಡಬ್ಬ ಹಿಡಿದು ಹೋದೆ.

ಇನ್ನು ಜಗಳದ ವಿಷಯ. ಒಂದೇ ಮರಿ ತಂದು ಕೈಯಲ್ಲೇ ಬೆಳೆಸಿದರೆ ಅದಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ನಮ್ಮನ್ನೂ ಕೋಳಿ ಅಂತಲೇ ತಿಳಿದಿರುತ್ತದೆ. ಜುಟ್ಟು ಕೆಂಪಾಗಿ, ಕೂಗಲು ಶುರು ಮಾಡುವ ವಯಸ್ಸಿಗೆ ಇನ್ನೊಂದು ಹುಂಜದ ಜೊತೆ ಏನು ಮಾಡುತ್ತದೋ ಅದನ್ನೇ ನಮ್ಮ ಜೊತೆಯೂ ಮಾಡುತ್ತದೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಪಿಂಕಿ ಹಾರುವ ಮೊದಲು ಏನೇನು ಮಾಡುತ್ತದೆ ಅಂತ ಕೂತು ನೋಡಿದೆ. ಮೊದಲು ನೇರ ಬರುವುದನ್ನು ಬಿಟ್ಟು ಅಡ್ಡಡ್ಡ ನಡೆಯುತ್ತದೆ. ನನ್ನ ಕಡೆಯ ರೆಕ್ಕೆಯನ್ನು ನೆಲಕ್ಕೆ ತಾಗುವ ಹಾಗೆ ಇಳಿಸಿ, ಕಾಲಿನಿಂದ ಅದನ್ನು ಪರಪರ ಕೆರೆಯುತ್ತದೆ. ಆಮೇಲೆ ಏನೂ ಇಲ್ಲದ ನೆಲ ಕುಟುಕುತ್ತದೆ. ಕಾಳು ಇಲ್ಲ, ಹುಳ ಇಲ್ಲ, ಸುಮ್ನೆ ನಾಟಕ. ಕಣ್ಣು ಮಾತ್ರ ನನ್ನ ಮೇಲೇ. ಅಷ್ಟರಲ್ಲಿ ಕತ್ತಿನ ಗರಿ ಕೆದರಿತು ಅಂದರೆ ಮುಂದಿನ ಕ್ಷಣ ಎರಡೂ ಕಾಲು ಮುಂದೆ ಚಾಚಿ ಹಾರುವುದು ಖಂಡಿತ.

ಆಗ ಒದೆಯಬಾರದು, ಓಡಲೂಬಾರದು. ಒದ್ದರೆ ಜಗಳಕ್ಕೆ ಒಪ್ಪಿಕೊಂಡ ಹಾಗೆ, ಓಡಿದರೆ ಸೋತ ಹಾಗೆ. ಎರಡರಿಂದಲೂ ಅದು ಇನ್ನಷ್ಟು ಮೇಲೆ ಬೀಳುತ್ತದೆ. ನಾನು ರೆಕ್ಕೆ ಇಳಿಸಿದ ಹಂತದಲ್ಲೇ ನಿಂತುಬಿಡುತ್ತೇನೆ. ಆಮೇಲೆ ನಿಧಾನಕ್ಕೆ ಅದರ ಕಡೆಗೇ ಒಂದೆರಡು ಹೆಜ್ಜೆ ಇಟ್ಟು, ಅದು ಪಕ್ಕಕ್ಕೆ ಸರಿಯುವ ತನಕ ಬಿಡುವುದಿಲ್ಲ. ಸರಿದು ಬೇರೆ ಕಡೆ ನೋಡಿತು ಅಂದರೆ ನಾನೂ ನನ್ನ ಕೆಲಸಕ್ಕೆ ಹೋಗುತ್ತೇನೆ. ಹಾರಿಯೇಬಿಟ್ಟರೆ ಎರಡೂ ರೆಕ್ಕೆ ಸೇರಿಸಿ ಹಿಡಿದು, ಕಂಕುಳಲ್ಲಿ ಅವುಚಿಕೊಂಡು ಗಿಡಕ್ಕೆ ನೀರು ಬಿಡುತ್ತೇನೆ. ಕಾಲು ಒದ್ದಾಡುವುದು ನಿಂತು ಮೈ ಸಡಿಲ ಆದ ಮೇಲೆ ಕೆಳಗೆ ಬಿಡುವುದು. ಒದ್ದಾಡುವಾಗಲೇ ಬಿಟ್ಟರೆ ಒದ್ದಾಡಿದರೆ ಬಿಡುತ್ತಾರೆ ಅಂತ ಕಲಿಯುತ್ತದೆ. ಒಂದು ದಿನಕ್ಕೆ ಆಗುವ ಕೆಲಸವಲ್ಲ ಇದು. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. ಒಬ್ಬರು ಎತ್ತಿಕೊಂಡು, ಇನ್ನೊಬ್ಬರು ಪೊರಕೆ ಬೀಸಿದರೆ ಅದಕ್ಕೂ ತಲೆ ಕೆಡುತ್ತದೆ. ಪೊರಕೆ ಕಂಡರೆ ಪಿಂಕಿಗೆ ಇವತ್ತಿಗೂ ಆಗಲ್ಲ, ಅದು ಬೇರೆ ಮಾತು.

ಚಿಕ್ಕ ಮಕ್ಕಳಿರುವ ಮನೆಯಾದರೆ ಇಷ್ಟೆಲ್ಲ ಮಾಡಿದರೂ ಹುಂಜ ಮತ್ತು ಮಗು ಇಬ್ಬರನ್ನೇ ಬಿಡಬೇಡಿ. ಮಗುವಿನ ಕಣ್ಣು ಅದರ ಕೊಕ್ಕಿನ ಎತ್ತರಕ್ಕೇ ಇರುತ್ತದೆ. ಕಾಲಿನ ಹಿಂದಿನ ಮುಳ್ಳನ್ನೂ ನೋಡಿಕೊಳ್ಳಬೇಕು. ಮುಳ್ಳಿನ ಒಳಗೆ ಜೀವ ಇರುತ್ತದೆ, ಬುಡಕ್ಕೆ ಕತ್ತರಿಸಿದರೆ ರಕ್ತ ಸುರಿಯುತ್ತದೆ. ನಾನು ಉಗುರು ಉಜ್ಜುವ ಅರದಿಂದ ತುದಿ ಮಾತ್ರ ಮೊಂಡು ಮಾಡುತ್ತೇನೆ. ಇದಕ್ಕೆ ರಾತ್ರಿಯೇ ಒಳ್ಳೇ ಹೊತ್ತು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಹಗಲಿನ ಶೂರ ತೊಡೆ ಮೇಲೆ ತೆಪ್ಪಗೆ ಕೂರುತ್ತದೆ. ಆಗಲೇ ರೆಕ್ಕೆ ಕೆಳಗೆ, ಹಿಂಭಾಗದ ಗರಿಗಳ ಬುಡದಲ್ಲಿ ಹೇನು ಇದೆಯಾ ನೋಡುವುದು. ಕಾಲಿನ ಹುರುಪೆ ಎದ್ದಿದ್ದರೆ ಒಳಗೆ ನುಸಿ ಸೇರಿದೆ ಅಂತ ಅರ್ಥ, ಕೊಬ್ಬರಿ ಎಣ್ಣೆ ದಪ್ಪಗೆ ಸವರುತ್ತೇನೆ. ಹಿತ್ತಲ ಮೂಲೆಯಲ್ಲಿ ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿ ಇಟ್ಟಿದ್ದೇನೆ, ಮಿಕ್ಕ ಸ್ನಾನ ಅದೇ ಮಾಡಿಕೊಳ್ಳುತ್ತದೆ.

ಕೂಗಿನ ವಿಷಯಕ್ಕೆ ಪೂರ್ತಿ ಪರಿಹಾರ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಗೂಡು ಕತ್ತಲು ಮಾಡಿದರೆ ಕೂಗಲ್ಲ ಅನ್ನುತ್ತಾರೆ. ಆದರೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ಹಗಲು ರಾತ್ರಿ ಒಂದೇ ಮಂದ ಬೆಳಕಿನಲ್ಲಿಟ್ಟು ನೋಡಿದ್ದರು. ಬೆಳಗಿನ ಹೊತ್ತಿಗೆ ಅವು ಕೂಗಿದವು. ಗಡಿಯಾರ ಅದರ ಮೈಯೊಳಗೇ ಇದೆ. ಕತ್ತಿಗೆ ಪಟ್ಟಿ ಕಟ್ಟುವುದೂ ಉಂಟು. ಉಸಿರು ಕಟ್ಟುವ ಭಯಕ್ಕೆ ನಾನು ಆ ಕಡೆ ಹೋಗಲಿಲ್ಲ. ಗೂಡನ್ನು ಪಕ್ಕದ ಮನೆಯ ಮಲಗುವ ಕೋಣೆಯಿಂದ ದೂರ, ಮೆಟ್ಟಿಲ ಕೆಳಗೆ ಇಟ್ಟು, ಗಾಳಿಗೆ ಕಿಂಡಿ ಬಿಟ್ಟು ಮೂರು ಕಡೆ ಗೋಣಿಚೀಲ ಹೊದಿಸಿದೆ. ಸದ್ದು ಪೂರ್ತಿ ನಿಲ್ಲಲಿಲ್ಲ, ಮಂದ ಆಯಿತು. ಬೆಳಕು ಚೆನ್ನಾಗಿ ಹರಿದ ಮೇಲೆ ಬಾಗಿಲು ತೆಗೆಯುತ್ತೇನೆ. ಮತ್ತೆ, ಪಕ್ಕದ ಮನೆಗೆ ಆಗಾಗ ನಾಟಿ ಮೊಟ್ಟೆ ಹೋಗುತ್ತಿರುತ್ತದೆ.

ಮೊಟ್ಟೆ ಎಲ್ಲಿಂದ ಅಂದಿರಾ? ಹುಂಜದ ಹಾರಾಟಕ್ಕೆ ದೊಡ್ಡ ಮದ್ದು ಹೆಣ್ಣು ಕೋಳಿಗಳೇ. ಸಂತೆಯಿಂದ ನಾಟಿ ಹ್ಯಾಟೆಗಳನ್ನು ತಂದೆ. ಒಂದೆರಡು ಸಾಲದು. ಹುಂಜ ಮತ್ತೆ ಮತ್ತೆ ಮೇಲೇರಿ ಅವುಗಳ ಬೆನ್ನಿನ ಗರಿ ಉದುರಿಹೋಗುತ್ತದೆ. ಅವು ಬಂದ ಮೇಲೆ ಪಿಂಕಿಗೆ ಮೈತುಂಬ ಕೆಲಸ. ಎರೆಹುಳ ಸಿಕ್ಕರೆ ತಾನು ತಿನ್ನುವುದಿಲ್ಲ. ಕುಟುಕುಟು ಸದ್ದು ಮಾಡುತ್ತಾ ಎತ್ತಿ ಹಾಕಿ, ಎತ್ತಿ ಹಾಕಿ ಹ್ಯಾಟೆಯನ್ನು ಕರೆಯುತ್ತದೆ. ಆಕಾಶದಲ್ಲಿ ಹದ್ದು ಸುತ್ತಿದರೆ ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ಮೇಲೆ ನೋಡಿ ಉದ್ದಕ್ಕೆ ಒಂದು ಸದ್ದು ಎಳೆಯುತ್ತದೆ, ಎಲ್ಲವೂ ದಾಸವಾಳದ ಬುಡಕ್ಕೆ. ನಾಯಿ, ಮುಂಗುಸಿ ಬಂದರೆ ಅದೇ ಬೇರೆ ಸದ್ದು, ಬಿಡಿಬಿಡಿಯಾಗಿ ಕಟಕಟ ಅಂತ. ಈಗ ಅಡುಗೆಮನೆಯಲ್ಲಿ ಕೂತೇ ಯಾವುದು ಬಂತು ಅಂತ ಹೇಳಬಲ್ಲೆ.

ಒಂದು ಎಚ್ಚರ. ಮೊಟ್ಟೆ ಕೋಳಿಯ ಲೇಯರ್ ಫೀಡನ್ನು ಹುಂಜಕ್ಕೆ ಹಾಕುತ್ತಾ ಹೋಗಬೇಡಿ. ಅದರಲ್ಲಿ ಸುಣ್ಣದಂಶ ಜಾಸ್ತಿ, ಗಂಡಿನ ಮೂತ್ರಪಿಂಡಕ್ಕೆ ಆಗಿಬರಲ್ಲ. ಎಲ್ಲಕ್ಕೂ ಬೆಳೆಯುವ ಕೋಳಿಗೆ ಹಾಕುವ ಗ್ರೋವರ್ ಫೀಡ್ ಹಾಕಿ, ಹ್ಯಾಟೆಗಳಿಗೆ ಕಪ್ಪೆಚಿಪ್ಪಿನ ಪುಡಿ ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಜೊತೆಗೆ ರಾಗಿ, ನುಚ್ಚು, ಸೊಪ್ಪು.

ಮನೆಗೆ ಬಂದ ನೆಂಟರದ್ದು ಒಂದೇ ಪ್ರಶ್ನೆ, "ಯಾವಾಗ ಮಸಾಲೆ ಅರೆಯೋದು?" ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಬೇರೆ. ಅದನ್ನು ಇಷ್ಟಪಟ್ಟು ಸಾಕಿದ್ದೇವೆ ಅಂದರೆ ನಗುತ್ತಾರೆ. ಹಾಗಾಗಿ "ಮಾರಮ್ಮನಿಗೆ ಬಿಟ್ಟಿರೋದು" ಅಂದುಬಿಡುತ್ತೇನೆ. ಆಮೇಲೆ ಯಾರೂ ಬೆಲೆ ಕೇಳಲ್ಲ, ಕೈಯೂ ಹಾಕಲ್ಲ. ಒಬ್ಬರು ಮಾತ್ರ ಪಂದ್ಯಕ್ಕೆ ಕೊಡಿ ಅಂತ ಬಂದಿದ್ದರು. ಕೋಳಿ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಅಂತ ಹೇಳಿ ಕಳಿಸಿದೆ.

ಊರಿಗೆ ಹೋಗುವಾಗ ನೋಡಿಕೊಳ್ಳುವವರನ್ನು ಹುಡುಕುವುದೇ ಕಷ್ಟ. ನಮ್ಮ ಪಾಲಿಗೆ ಪಕ್ಕದ ಮನೆಯ ಲಲಿತಕ್ಕ ಇದ್ದಾರೆ. ರಾಗಿಯನ್ನು ಮೊದಲು ದೂರಕ್ಕೆ ಎರಚಿ ಆಮೇಲೆ ಒಳಗೆ ಬನ್ನಿ ಅಂತ ಹೇಳಿಕೊಟ್ಟಿದ್ದೇನೆ. ಅವರು ರಾಗಿಯನ್ನೂ ಎರಚುತ್ತಾರೆ, ಜೊತೆಗೆ ಮೊರವನ್ನು ಮೊಣಕಾಲಿಗೆ ಅಡ್ಡ ಹಿಡಿದುಕೊಂಡೇ ಬರುತ್ತಾರೆ. "ನಿಮ್ಮ ಪಿಂಕಿ ನಂಬಿಕೆಗೆ ಯೋಗ್ಯ ಇರಬಹುದು ಕಣಮ್ಮ, ನನ್ನ ಮಂಡಿ ಹೊಸದಾಗಿ ಹಾಕಿಸಿರೋದು" ಅನ್ನುತ್ತಾರೆ.