ಲೆಂಡ್ ಯಾವುದು, ಬಾರೋ ಯಾವುದು? ಸಾಲದ ಮೇಜಿನಿಂದ ಕಲಿತ ಪಾಠ

ತಿಪಟೂರಿನ ಹತ್ತಿರದ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಸಾಲದ ಮೇಜಿನಲ್ಲಿ ಕೂರುತ್ತಿದ್ದಾಗಿನ ಮಾತು. ಡಿಪ್ಲೊಮಾ ಮುಗಿಸಿದ್ದ ಹುಡುಗನೊಬ್ಬ ಹಸು ಸಾಲಕ್ಕೆಂದು ತಾನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದ. ಮೊದಲ ಸಾಲೇ ಹೀಗಿತ್ತು: 'ಐ ವಾಂಟ್ ಟು ಲೆಂಡ್ ಮನಿ ಫ್ರಮ್ ಯುವರ್ ಬ್ಯಾಂಕ್.' ಪಕ್ಕದ ಮೇಜಿನವರು ಅದನ್ನು ಜೋರಾಗಿ ಓದಿ ನಕ್ಕುಬಿಟ್ಟರು. ಹುಡುಗ ತಲೆ ತಗ್ಗಿಸಿದ. ನನಗೆ ಮಾತ್ರ ಇವತ್ತಿಗೂ ಆ ನಗು ನೆನಪಾದರೆ ಸಂಕಟವಾಗುತ್ತದೆ. ಅವನು ಕನ್ನಡದಲ್ಲಿ ಯೋಚಿಸಿ ಬರೆದಿದ್ದ, ಅಷ್ಟೇ. ಎಲ್ಲಿ ಎಡವಿದ ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಮಾತಿನಲ್ಲಿ 'ಸಾಲ' ಅನ್ನುವುದಕ್ಕೆ ದಿಕ್ಕಿಲ್ಲ. 'ಕಡ', 'ಎರವಲು' ಕೂಡ ಹಾಗೆಯೇ. ದಿಕ್ಕು ತಿಳಿಯುವುದು ಪಕ್ಕದ ಕ್ರಿಯಾಪದದಿಂದ: ಸಾಲ ಕೊಟ್ಟ, ಸಾಲ ತಗೊಂಡ. 'ಸಾಲಗಾರ' ಎಂಬ ಪದವನ್ನೇ ನೋಡಿ. ಸಾಲ ಮಾಡಿದವನೂ ಸಾಲಗಾರ; 'ಸಾಲಗಾರರು ಬಾಗಿಲಿಗೆ ಬಂದು ನಿಂತಿದ್ದಾರೆ' ಅಂದರೆ ಕೊಟ್ಟವರು ವಸೂಲಿಗೆ ಬಂದಿದ್ದಾರೆ ಅಂತ. ಇಂಗ್ಲಿಷಿನಲ್ಲಿ ಆ ದಿಕ್ಕು ಕ್ರಿಯಾಪದದೊಳಗೇ ಕೂತಿರುತ್ತದೆ. ಲೆಂಡ್ ಅಂದರೆ ಕಡ ಕೊಡುವುದು, ಬಾರೋ ಅಂದರೆ ಕಡ ತಗೊಳ್ಳುವುದು. ಶಾಲೆಯಲ್ಲಿ ಎರಡಕ್ಕೂ 'ಸಾಲ' ಎಂದಷ್ಟೇ ಅರ್ಥ ಬರೆದುಕೊಂಡ ಮಗು ಮುಂದೆ ತಪ್ಪದೆ ಇರಲು ಹೇಗೆ ಸಾಧ್ಯ?

ಆ ಹುಡುಗನಿಗೆ ಅವತ್ತು ಹೇಳಿಕೊಟ್ಟ ಉಪಾಯವನ್ನೇ ಆಮೇಲೆ ನೂರಾರು ಜನಕ್ಕೆ ಹೇಳಿಕೊಟ್ಟಿದ್ದೇನೆ. ಆ ಇಂಗ್ಲಿಷ್ ಪದವನ್ನು ಕನ್ನಡದ ಕಿವಿಯಲ್ಲಿ ಕೇಳಿಸಿಕೊಳ್ಳಿ: 'ಬಾರೋ!' ಯಾವುದೋ ವಸ್ತುವನ್ನು ನಿಮ್ಮ ಕಡೆಗೆ ಕರೆಯುತ್ತಿದ್ದೀರಿ. ದುಡ್ಡು ಬಾರೋ, ಪೆನ್ನು ಬಾರೋ, ಪುಸ್ತಕ ಬಾರೋ. ವಾಕ್ಯದ ಕರ್ತೃವಿನ ಕಡೆಗೆ ವಸ್ತು ಬರುತ್ತಿದ್ದರೆ ಬಾರೋ. ಕರ್ತೃವಿನ ಕೈಬಿಟ್ಟು ಹೋಗುತ್ತಿದ್ದರೆ ಲೆಂಡ್. ಕರ್ತೃ ಯಾರು ಅಂತ ಮೊದಲು ಬೆರಳಿಟ್ಟು ನೋಡಿಕೊಳ್ಳಿ, ಆಮೇಲೆ ಪದ ಹುಡುಕಿ. 'ಬ್ಯಾಂಕಿನಿಂದ ನಾನು' ಅಂದರೆ ಕರ್ತೃ ನಾನು, ದುಡ್ಡು ನನ್ನ ಕಡೆಗೆ ಬರುತ್ತಿದೆ, ಹಾಗಾಗಿ 'ಐ ವಾಂಟ್ ಟು ಬಾರೋ ಮನಿ ಫ್ರಮ್ ಯುವರ್ ಬ್ಯಾಂಕ್'. ಬಾರೋ ಜೊತೆ ಫ್ರಮ್ ಬರುತ್ತದೆ, ಲೆಂಡ್ ಜೊತೆ ಟು. ಜೋಡಿಯಾಗಿಯೇ ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಜನ ಹೆಚ್ಚು ಎಡವುವುದು ಕೇಳುವಾಗ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಪಕ್ಕದವರ ಹತ್ತಿರ ಪೆನ್ನು ಬೇಕು. 'ಕ್ಯಾನ್ ಯು ಬಾರೋ ಮಿ ಯುವರ್ ಪೆನ್' ಅನ್ನುವವರನ್ನು ಬಹಳ ಕೇಳಿದ್ದೇನೆ. 'ಯು' ಅಂತ ಶುರುಮಾಡಿದರೆ ಕೊಡುವವರು ಅವರು: 'ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್?' 'ಐ' ಅಂತ ಶುರುಮಾಡಿದರೆ ತಗೊಳ್ಳುವವರು ನಾವು: 'ಕ್ಯಾನ್ ಐ ಬಾರೋ ಯುವರ್ ಪೆನ್?' ಕೆಲಸ ಒಂದೇ, ಪೆನ್ನೂ ಅದೇ. ಇನ್ನೊಂದು ಮಾತು: ಲೆಂಡ್‌ಗೆ ಭೂತಕಾಲ 'ಲೆಂಟ್', ಲೆಂಡೆಡ್ ಅಲ್ಲ.

ವಾಪಸು ಕೊಡುವ ವಸ್ತುವಿಗೆ ಮಾತ್ರ ಈ ಎರಡು ಪದ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೂ ಬಾರೋ ಅನ್ನಬಹುದು. ತಂದದ್ದನ್ನೇ ಹಿಂದಿರುಗಿಸದಿದ್ದರೂ ಅಷ್ಟೇ ಅಳತೆ ತೀರಿಸುತ್ತೇವಲ್ಲ. ಆದರೆ ಎತ್ತಿಕೊಂಡು ಹೋಗಲಾಗದ ವಸ್ತುವಿಗೆ ಬಾರೋ ಹೊಂದುವುದಿಲ್ಲ. ಯಾರದೋ ಮನೆಯ ಬಚ್ಚಲು ಬಳಸಬೇಕಿದ್ದರೆ 'ಕ್ಯಾನ್ ಐ ಯೂಸ್' ಅಂತಲೇ ಕೇಳಬೇಕು. ದುಡ್ಡು ಕೊಟ್ಟು ತಂದದ್ದು ಬಾಡಿಗೆಯಾಗುತ್ತದೆ, ಅದಕ್ಕೆ ರೆಂಟ್ ಬೇರೆಯೇ ಇದೆ.

ಮಕ್ಕಳಿಗೆ ಹೇಳಿಕೊಡುವವರಿದ್ದರೆ ಕಳೆಯುವ ಲೆಕ್ಕದಿಂದ ಶುರುಮಾಡಿ. 42ರಲ್ಲಿ 17 ಕಳೆಯುವಾಗ 2ರಿಂದ 7 ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಹತ್ತು ಕಡ ತಗೋ ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಅದಕ್ಕೆ ಬಾರೋ ಎಂದೇ ಹೆಸರು. ಬಿಡಿಯ ಮನೆ ಬಾರೋ ಮಾಡಿತು, ಹತ್ತರ ಮನೆ ಲೆಂಡ್ ಮಾಡಿತು.

ಬಾರೋ ಪದದ ಹಿನ್ನೆಲೆ ಓದಿದಾಗ ನನಗೆ ನಮ್ಮ ಸಾಲದ ಫಾರಂ ಕಣ್ಣಮುಂದೆ ಬಂತು. ಹಳೆಯ ಇಂಗ್ಲಿಷಿನಲ್ಲಿ 'ಬೋರ್ಗ್' ಅಂದರೆ ಜಾಮೀನು, ಒತ್ತೆ. ಬಾರೋ ಹುಟ್ಟಿದ್ದು ಅದರಿಂದ. ಲೆಂಡ್ ಮತ್ತು ಲೋನ್ ಒಂದೇ ಬೇರಿನವು. ಫಾರಂನಲ್ಲಿ ಬಾರೋವರ್ ಎಂದಿರುವ ಕಡೆ ಸಹಿ ಮಾಡುವವರು ಸಾಲ ಪಡೆಯುವವರು, ಲೆಂಡರ್ ಬ್ಯಾಂಕು, ಗ್ಯಾರಂಟರ್ ಜಾಮೀನುದಾರ. ಯಾವ ಪದದ ಕೆಳಗೆ ಸಹಿ ಮಾಡುತ್ತಿದ್ದೀರಿ ಅಂತ ದಯವಿಟ್ಟು ಓದಿ ಮಾಡಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ. 'ಸುಮ್ಮನೆ ಒಂದು ಸಹಿ ಹಾಕಿ ಅಣ್ಣಾ' ಅಂದದ್ದಕ್ಕೆ ಸಹಿ ಹಾಕಿ, ಆಮೇಲೆ ನೋಟಿಸ್ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ.

ಕೊನೆಗೆ ಒಂದು ಅಭ್ಯಾಸ. ರಿಸರ್ವ್ ಬ್ಯಾಂಕು ರೆಪೋ ದರ ಎಂಬ ಬಡ್ಡಿಗೆ ಬೇರೆ ಬ್ಯಾಂಕುಗಳಿಗೆ ಹಣ ಸಾಲ ಕೊಡುತ್ತದೆ: ಅಲ್ಲಿ ನಿಮ್ಮ ಬ್ಯಾಂಕು ಬಾರೋವರ್. ಅದೇ ಬ್ಯಾಂಕು ನಿಮಗೆ ಹಸು ಸಾಲ ಕೊಟ್ಟಾಗ ಲೆಂಡರ್. ಹಾಗಾದರೆ ನೀವು ಅಲ್ಲೇ ಎಫ್‌ಡಿ ಇಟ್ಟಾಗ? ದುಡ್ಡು ಯಾರ ಕೈಬಿಟ್ಟಿತು, ಯಾರ ಕಡೆಗೆ ಹೋಯಿತು ಅಂತ ನೋಡಿ. ಆ ಹುಡುಗನಿಗೂ ಈ ಪ್ರಶ್ನೆ ಕೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, ತಲೆ ಎತ್ತಿ, 'ಹಂಗಾರೆ ಆವಾಗ ನಾನೇ ಲೆಂಡರ್ ಅಲ್ವಾ ಮೇಡಂ' ಅಂದ.