ಇಂಗ್ಲಿಷ್ ಗ್ರಾಮರ್: ಚಾರ್ಟ್ ಬಿಟ್ಟು ನನ್ನ ಮಾತಿನಿಂದ ಕಲಿತೆ

ಇಂಗ್ಲಿಷ್ ಗ್ರಾಮರ್ ಕಲಿಯಬೇಕು ಅಂದ ತಕ್ಷಣ ಎಲ್ಲರೂ ಮೊದಲು ತೋರಿಸುವುದು ಹನ್ನೆರಡು ಟೆನ್ಸ್‌ಗಳ ಚಾರ್ಟ್. ನಾನು ಅದನ್ನು ಪಕ್ಕಕ್ಕಿಟ್ಟೆ. ನಾವು ಸರ್ಕಾರಿ ಶಾಲೆಯಲ್ಲಿ ಓದುವಾಗ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಡಿಗ್ರಿ ಮುಗಿಯುವ ಹೊತ್ತಿಗೆ ಚಾರ್ಟ್ ಪೂರ್ತಿ ಬಾಯಿಪಾಠ ಆಗಿತ್ತು, ಆದರೆ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿ ಒಂದು ಮೇಲ್ ಬರೆಯಲು ಕೂತರೆ ಅದು ಯಾವ ಸಹಾಯಕ್ಕೂ ಬರಲಿಲ್ಲ.

ಹಾಗಾಗಿ ದಿನಾ ಕನ್ನಡದಲ್ಲಿ ಏನು ಮಾತಾಡುತ್ತೇನೋ ಅದನ್ನೇ ನೋಟ್‌ಬುಕ್ಕಿನ ಎಡಗಡೆ ಬರೆದೆ, ಬಲಗಡೆ ಅದೇ ವಾಕ್ಯ ಇಂಗ್ಲಿಷಿನಲ್ಲಿ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಬೇಕಾದ ಗ್ರಾಮರ್ ಮಾತ್ರ ಆ ದಿನ ಓದುತ್ತಿದ್ದೆ, ಬೇರೆ ಏನೂ ಇಲ್ಲ.

ಮೊದಲು ಎದುರಾದದ್ದು ಕ್ರಿಯಾಪದ. 'ಅವಳು ಡಾಕ್ಟರ್' ಅಂದರೆ ನಮಗೆ ವಾಕ್ಯ ಮುಗಿಯಿತು. ಇಂಗ್ಲಿಷಿಗೆ ನಡುವೆ ಒಂದು 'ಈಸ್' ಬೇಕೇ ಬೇಕು. ನಮ್ಮಲ್ಲಿ ಬಂದೆ, ಬಂದಳು, ಬಂದರು ಅಂದರೆ ಸಾಕು, ಯಾರು ಅಂತ ಕೊನೆಯಲ್ಲೇ ಗೊತ್ತಾಗುತ್ತದೆ. ಅವರ 'ಕೇಮ್' ಎಲ್ಲರಿಗೂ ಒಂದೇ, ಅದಕ್ಕೇ ಮುಂದೆ ಐ, ಶೀ, ದೇ ಬಿಡುವ ಹಾಗಿಲ್ಲ.

ಪ್ರಶ್ನೆ ಕೇಳುವುದಕ್ಕೆ ನಾವು 'ಬಂದನಾ?' ಅಂತ ಕೊನೆಯನ್ನು ಎಳೆಯುತ್ತೇವೆ. ಇಂಗ್ಲಿಷ್ ಮುಂದುಗಡೆ 'ಡಿಡ್' ತಂದು ಕೂರಿಸುತ್ತದೆ. ಭೂತಕಾಲ ಆ 'ಡಿಡ್'ನಲ್ಲೇ ಬಂದುಬಿಟ್ಟಿತು, ಮತ್ತೆ 'ಕೇಮ್' ಯಾಕೆ? 'ಡಿಡ್ ಹೀ ಕಮ್?' ಅಷ್ಟೇ. 'ಹೀ ವರ್ಕ್ಸ್' ಅನ್ನುವುದರ 'ಎಸ್' ಕೂಡ ಹೀಗೇ 'ಡಸ್' ಒಳಗೆ ಹೋಗಿ, 'ಡಸ್ ಹೀ ವರ್ಕ್?' ಆಗುತ್ತದೆ. ಶಾಲೆಯಲ್ಲಿ ಇದನ್ನು ಸುಮ್ನೆ ರೂಲ್ ಅಂತ ಬರೆದುಕೊಂಡಿದ್ದೆವು. ಕಾರಣ ಗೊತ್ತಾದ ಮೇಲೆ ನೆನಪಿಡುವ ಕಷ್ಟವೇ ಇರಲಿಲ್ಲ.

ನನಗೆ ಜಾಸ್ತಿ ಸಮಯ ಹಿಡಿದದ್ದು ನಮ್ಮ 'ಇಂದ'. 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ', '2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ', ಕನ್ನಡದಲ್ಲಿ ಎರಡಕ್ಕೂ ಒಂದೇ ಪ್ರತ್ಯಯ, ಒಂದೇ ಕ್ರಿಯಾಪದ. ಅದನ್ನೇ ಹಾಗೇ ಇಳಿಸಿದರೆ 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಆಗುತ್ತದೆ, ಆಫೀಸುಗಳಲ್ಲಿ ಇದನ್ನು ದಿನಾ ಕೇಳುತ್ತೇವೆ ಅಲ್ವಾ? ಶುರುವಾದ ಹೊತ್ತು ಹೇಳಿದರೆ 'ಸಿನ್ಸ್', ಎಷ್ಟು ಕಾಲ ಅಂತ ಹೇಳಿದರೆ 'ಫಾರ್'. ಜೊತೆಗೆ ಅಂದು ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ ಅಂತ ಹೇಳಲು 'ಹ್ಯಾವ್ ಬೀನ್ ವರ್ಕಿಂಗ್'. ಚಾರ್ಟಿನಲ್ಲಿ ಬರೀ ಹೆಸರಾಗಿದ್ದ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಯಾವ ಕೆಲಸಕ್ಕೆ ಬರುತ್ತದೆ ಅಂತ ನನಗೆ ತಿಳಿದದ್ದು ಇಲ್ಲಿಯೇ. ಕನ್ನಡ ಮೀಡಿಯಮ್ಮಿನ ಯಾರೇ ಕೇಳಿದರೂ ನಾನು ಮೊದಲು ಈ ಒಂದು ವಾಕ್ಯವನ್ನೇ ಕೈಗೆ ಕೊಡುತ್ತೇನೆ.

'ನನಗೆ' ಅಂತ ಶುರುವಾಗುವ ವಾಕ್ಯಗಳಿಗೆ ಬೇರೆಯೇ ಪುಟ ಮಾಡಿದ್ದೆ. ನನಗೆ ಗೊತ್ತು, ನನಗೆ ಹಸಿವಾಗಿದೆ, ನನಗೆ ಇಬ್ಬರು ಮಕ್ಕಳು. ಇಂಗ್ಲಿಷಿನಲ್ಲಿ ಮೂರೂ 'ಐ' ಇಂದಲೇ ಶುರು, ಆದರೆ ಮುಂದೆ ಬರುವುದು ನೋ, ಆಮ್, ಹ್ಯಾವ್. ಇದಕ್ಕೆ ಒಂದೇ ಸೂತ್ರ ಇಲ್ಲ, ಬರೆದು ಬರೆದೇ ರೂಢಿ ಆಗಬೇಕು.

'ಎ', 'ಆನ್' ಬೇಗ ಮುಗಿಯಿತು. ಅಕ್ಷರ ನೋಡಬಾರದು, ಉಚ್ಚಾರಣೆ ಕೇಳಬೇಕು: ಆನ್ ಅವರ್, ಎ ಯುನಿವರ್ಸಿಟಿ. 'ದಿ' ಮಾತ್ರ ಓದಿ ಓದಿಯೇ ಬರುವುದು.

ಓದುವುದಕ್ಕೆ ನಾನು ಆರಿಸಿಕೊಂಡದ್ದು ಕ್ರಿಕೆಟ್ ವರದಿ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಒಂದೇ ಸಂಸ್ಥೆಯಿಂದ ಶುರುವಾದ ಪತ್ರಿಕೆಗಳು. ಒಂದರಲ್ಲಿ ಮ್ಯಾಚ್ ಬಗ್ಗೆ ಓದಿ, ಅದೇ ಮ್ಯಾಚ್ ಬಗ್ಗೆ ಇನ್ನೊಂದರಲ್ಲಿ ಓದುತ್ತಿದ್ದೆ. ಏನಾಯಿತು ಅಂತ ಮೊದಲೇ ಗೊತ್ತಿರುವುದರಿಂದ ಡಿಕ್ಷನರಿ ಹುಡುಕದೆ ಕಣ್ಣು ವಾಕ್ಯದ ಜೋಡಣೆ ಮೇಲೆ ನಿಲ್ಲುತ್ತದೆ. ಆಟ ಮುಗಿದ ಮೇಲಿನ ಸುದ್ದಿ ಆದ್ದರಿಂದ ವನ್, ಲಾಸ್ಟ್, ಟುಕ್, ಹಿಟ್ ಅಂತ ಭೂತಕಾಲದ ರೂಪಗಳು ರಾಶಿ ರಾಶಿ ಸಿಗುತ್ತವೆ.

ಈಗ ನೋಟ್‌ಬುಕ್ಕಿನಲ್ಲಿ ಉದ್ದ ವಾಕ್ಯಗಳ ಸರದಿ. 'ನಿನ್ನೆ ಆಫೀಸಿಗೆ ಬಂದ ಹುಡುಗ' ಅಂದರೆ ನಮ್ಮಲ್ಲಿ ಹುಡುಗ ಕೊನೆಗೆ ಬರುತ್ತಾನೆ. ಅವರಲ್ಲಿ ಅವನೇ ಮೊದಲು: 'ದಿ ಬಾಯ್ ಹೂ ಕೇಮ್ ಟು ದಿ ಆಫೀಸ್ ಯೆಸ್ಟರ್‌ಡೇ'. ಇಂಥದ್ದು ಬಂದಾಗ ಎಡಗಡೆಯ ಕನ್ನಡ ವಾಕ್ಯದ ಕೊನೆಯ ಪದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಬರೆಯುತ್ತಾ ಹೋಗುತ್ತಿದ್ದೇನೆ.