ಭುಜದ ಕೀಲು: ಹೆಮಿಯೋ ರಿವರ್ಸೋ, ನಾನು ನಿರ್ಧರಿಸುವ ಬಗೆ

ತೋಳಿನ ಮೂಳೆ ಭುಜದ ಬುಡದಲ್ಲಿ ಮುರಿದವರಲ್ಲಿ ಹೆಚ್ಚಿನವರಿಗೆ ಸ್ಲಿಂಗೇ ಸಾಕು. ಚೂರುಗಳು ಸರಿದಿದ್ದರೂ ಆಪರೇಷನ್‌ಗೆ ನಾನು ಆತುರಪಡುವುದಿಲ್ಲ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೊಫರ್ ಅಧ್ಯಯನದಲ್ಲಿ, ಸರಿದ ಮುರಿತಗಳಿಗೆ ಆಪರೇಷನ್ ಮಾಡಿಸಿಕೊಂಡವರಿಗೂ ಸ್ಲಿಂಗ್ ಹಾಕಿಕೊಂಡವರಿಗೂ ಎರಡು ವರ್ಷಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೀಲು ಬದಲಿಸುವ ಮಾತು ಬರುವುದು ಮೂಳೆಯ ತಲೆಯೇ, ಅಂದರೆ ಅದರ ಮೇಲ್ತುದಿಯ ಚೆಂಡೇ, ಸೀಳಿದಾಗ, ಮುರಿತದ ಜೊತೆ ಕೀಲೂ ತಪ್ಪಿದಾಗ, ಇಲ್ಲವೇ ನಾಲ್ಕು ಚೂರಾಗಿ ಆ ತಲೆಗೆ ರಕ್ತ ಹರಿಯುವುದು ನಿಂತಂತೆ ಕಂಡಾಗ. ಸಿಟಿ ಸ್ಕ್ಯಾನಿನಲ್ಲಿ ತಲೆಯ ಒಳಬದಿಗೆ ಅಂಟಿ ಉಳಿದ ಮೂಳೆಯ ತುಣುಕು 8 ಮಿಮೀಗಿಂತ ಗಿಡ್ಡವಿದ್ದು, ಅಲ್ಲಿನ ಸಂದು 2 ಮಿಮೀಗಿಂತ ಹೆಚ್ಚು ಸರಿದಿದ್ದರೆ ರಕ್ತ ನಿಂತಿದೆಯೆಂಬ ಅನುಮಾನ ನನಗೆ ಬಲವಾಗುತ್ತದೆ.

ಕೀಲು ಬದಲಿಸುವ ಬಗೆಗಳು ಎರಡು: ಹೆಮಿ, ರಿವರ್ಸ್. ಹೆಮಿಯಲ್ಲಿ ತೋಳಿನ ಬದಿಯ ಚೆಂಡು ಮಾತ್ರ ಬದಲಾಗುತ್ತದೆ. ಕೈ ಎತ್ತಲು ಕೀಲನ್ನು ಸುತ್ತಿರುವ ರೋಟೇಟರ್ ಕಫ್ ಸ್ನಾಯುಗಳು ಬೇಕೇ ಬೇಕು. ಆ ಸ್ನಾಯುಗಳು ಹಿಡಿದಿರುವುದು ಟ್ಯೂಬರಾಸಿಟಿ ಎಂಬ ಮೂಳೆಯ ಉಬ್ಬುಗಳನ್ನು. ಉಬ್ಬು ಕೂಡಿಕೊಳ್ಳದಿದ್ದರೆ ನೋವು ಇಳಿದರೂ ಕೈ ಮೇಲೇಳದು. ವಯಸ್ಸಾದವರಲ್ಲಿ ಆ ಉಬ್ಬು ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗಿರುತ್ತದೆ. ಹಾಗಾಗಿ 70 ದಾಟಿದವರಿಗೆ ನನ್ನ ಒಲವು ರಿವರ್ಸ್ ಕಡೆಗೆ: ಚೆಂಡು ಹೆಗಲ ಮೂಳೆಗೆ, ಬಟ್ಟಲು ತೋಳಿಗೆ, ಎತ್ತುವ ಭಾರ ಭುಜವನ್ನು ಹೊರಗಿನಿಂದ ಹೊದ್ದಿರುವ ಡೆಲ್ಟಾಯ್ಡ್ ಸ್ನಾಯುವಿಗೆ. ಹೆಮಿ ಈಗ ನನಗೆ ಅಪರೂಪದ ಆಯ್ಕೆ. ಪ್ಲೇಟು ನಿಲ್ಲದಷ್ಟು ತಲೆ ಪುಡಿಯಾಗಿ, ಉಬ್ಬುಗಳು ಮಾತ್ರ ಗಟ್ಟಿಯಾಗಿರುವ ಕಿರಿಯರಿಗೆ ಅದನ್ನು ಇಟ್ಟುಕೊಂಡಿದ್ದೇನೆ.

ಡೆಲ್ಟಾಯ್ಡ್ ಸತ್ತಿದ್ದರೆ ರಿವರ್ಸ್ ವ್ಯರ್ಥ. ಅದಕ್ಕೇ ಮುಂಚಿತವಾಗಿ ಆ ಸ್ನಾಯುವನ್ನು ಆಡಿಸುವ ಆಕ್ಸಿಲರಿ ನರವನ್ನು ಪರೀಕ್ಷಿಸುತ್ತೇನೆ. ಭುಜದ ಹೊರಬದಿಯ ಚರ್ಮದ ಸ್ಪರ್ಶವೊಂದನ್ನೇ ನಂಬುವುದಿಲ್ಲ. ಸ್ಲಿಂಗಿನೊಳಗೇ ಮೊಣಕೈಯನ್ನು ನನ್ನ ಅಂಗೈಗೆ ಒತ್ತಲು ಹೇಳಿ, ಇನ್ನೊಂದು ಕೈಯ ಬೆರಳನ್ನು ಡೆಲ್ಟಾಯ್ಡ್ ಮೇಲಿಟ್ಟು ಅದು ಬಿಗಿಯುವುದನ್ನು ಮುಟ್ಟಿ ನೋಡುತ್ತೇನೆ.

ಸಾಧ್ಯವಾದರೆ ಆಪರೇಷನ್ ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು. ತಡವಾದಷ್ಟೂ ಉಬ್ಬುಗಳು ಹಿಂದಕ್ಕೆ ಎಳೆದುಕೊಂಡು ಅಂಟಿಬಿಡುತ್ತವೆ. ಉಬ್ಬುಗಳನ್ನು ಕಟ್ಟುವ ದಾರವನ್ನು ಅವುಗಳ ಮೂಳೆಯೊಳಗಿಂದ ತೂರಿಸಬಾರದು, ಬೆಣ್ಣೆಯಂತೆ ಕೊಯ್ದುಬಿಡುತ್ತದೆ. ಸ್ನಾಯುವಿನ ಕಂಡರ ಮೂಳೆಗೆ ಸೇರುವ ಜಾಗದಲ್ಲೇ ಸೂಜಿ ಹಾಕಿ, ಸ್ಟೆಮ್ಮಿನ (ತೋಳಿನ ಮೂಳೆಯೊಳಗೆ ಇಳಿಸುವ ಕೃತಕ ಕೀಲಿನ ಕಾಂಡ) ಕತ್ತನ್ನು ಅಡ್ಡಡ್ಡ ಸುತ್ತಿ, ಮೂಳೆಯ ಕೊಳವೆಯಲ್ಲಿ ಕೊರೆದ ರಂಧ್ರಗಳಿಂದ ಉದ್ದುದ್ದ ಎಳೆದು ಕಟ್ಟುತ್ತೇನೆ. ಹೊರತೆಗೆದ ತಲೆಯನ್ನು ಎಸೆಯುವುದಿಲ್ಲ. ಅದರ ಒಳಗಿನ ಮೃದು ಮೂಳೆಯನ್ನು ಉಬ್ಬುಗಳ ಅಡಿಗೆ ತುಂಬುತ್ತೇನೆ. ಸ್ಟೆಮ್ ಹಿಡಿಸಲು ಸಿಮೆಂಟ್ ಬಳಸಿದರೆ ಮುರಿತದ ಗೆರೆಗಿಂತ ಕೆಳಗೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೂಳೆಗೆ ಮೂಳೆ ತಾಗುವುದೇ ಇಲ್ಲ. ಕಟ್ಟಿದ ಮೇಲೆ ತೋಳನ್ನು ಒಳಕ್ಕೂ ಹೊರಕ್ಕೂ ತಿರುಗಿಸಿದಾಗ ಉಬ್ಬು, ಸ್ಟೆಮ್, ಕೊಳವೆ ಮೂರೂ ಒಂದೇ ತುಂಡಿನಂತೆ ತಿರುಗಬೇಕು. ಉಬ್ಬು ಒಂಚೂರು ಹಿಂದುಳಿದರೂ ಗಂಟು ಬಿಚ್ಚಿ ಮತ್ತೆ ಕಟ್ಟುತ್ತೇನೆ. ರಿವರ್ಸ್‌ನಲ್ಲಿ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳುವುದುಂಟು. ಉಬ್ಬು ಕೂಡದಿದ್ದರೂ ಕೈ ಏಳುತ್ತದೆ, ನಿಜ. ಆದರೆ ತೋಳು ಹೊರಕ್ಕೆ ತಿರುಗದಿದ್ದರೆ ತಲೆ ಬಾಚುವುದೇ ಕಷ್ಟ.

ಹೆಮಿ ಹಾಕುವಾಗ ಎತ್ತರವೇ ದೊಡ್ಡ ತಲೆನೋವು. ಎದೆಯ ದೊಡ್ಡ ಸ್ನಾಯು ಪೆಕ್ಟೊರಾಲಿಸ್ ಮೇಜರ್‌ನ ಕಂಡರದ ಮೇಲಂಚಿನಿಂದ ಚೆಂಡಿನ ತುದಿಗೆ ಸುಮಾರು 5.6 ಸೆಂಮೀ, ಹಿಂದಕ್ಕೆ ತಿರುವು ಸುಮಾರು 20 ಡಿಗ್ರಿ. ಚೆಂಡು ಎತ್ತರವಾಗಿ ಕೂತರೆ ಕಫ್ ಬಿಗಿದು, ಕಟ್ಟಿದ ಉಬ್ಬು ಕಿತ್ತು ಬರುತ್ತದೆ.

ಆಪರೇಷನ್ ಆದಮೇಲೆ 4ರಿಂದ 6 ವಾರ ಸ್ಲಿಂಗ್. ಬೆರಳು, ಮಣಿಕಟ್ಟು, ಮೊಣಕೈ ಮರುದಿನದಿಂದಲೇ ಆಡಲಿ. ರಿವರ್ಸ್ ಕೀಲು ಜಾರುವ ಅಪಾಯ ಹೆಚ್ಚಿರುವುದು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದಾಗ, ಕುರ್ಚಿಯ ಕೈಗೆ ಭಾರ ಊರಿ ಏಳುವಾಗ. ಮೊದಲ 12 ವಾರ ಇವೆರಡೂ ಬೇಡವೆಂದು ರೋಗಿಗಷ್ಟೇ ಅಲ್ಲ, ಅವರನ್ನು ಎಬ್ಬಿಸಿ ಕೂರಿಸುವ ಮನೆಯವರಿಗೂ ಮಾಡಿ ತೋರಿಸಿಯೇ ಕಳಿಸುತ್ತೇನೆ.